ಬಾಯಮ್ಮನಿಲ್ಲದ ತೆನೆಹಬ್ಬ

ಪ್ರತಿ ವರ್ಷ ಸೆಪ್ಟೆಂಬರ್ ಮಧ್ಯಕ್ಕೆ ನಮ್ಮ ಬೆಂಗಳೂರಿನ ಮನೆಗೆ ಅಮ್ಮನ ಹೆಸರಿಗೊಂದು ಲಕೋಟೆ ಬರುತ್ತಿತ್ತು. ಒಳಗೆ ಕಾಗದ ಪತ್ರ ಏನೂ ಇಲ್ಲ. ಹಳೆ ಕ್ಯಾಲೆಂಡರಿನ ಹಾಳೆ ಹರಿದು ಮಾಡಿದ ಪೊಟ್ಟಣ, ಅದರಲ್ಲಿ ಒಂದು ಚಿಟಿಕೆ ಹೊಸ ಅಕ್ಕಿಯ ಪುಡಿ. ಅಮ್ಮ ಅದನ್ನು ಹಾಲಿಗೆ ಹಾಕಿ ನಮಗೆಲ್ಲ ಒಂದೊಂದು ಚಮಚ ಕೊಡುತ್ತಿದ್ದರು. ಬಾಯಮ್ಮ ಕಳಿಸುತ್ತಿದ್ದ ಕುರಲ್ ಪರ್ಬದ, ಅಂದರೆ ತೆನೆಹಬ್ಬದ, ಪಾಲು ಅದು. ಮುಂಬೈಯಲ್ಲಿರುವ ಮಗನಿಗೊಂದು, ಕುವೈತಿನ ಮಗನಿಗೊಂದು, ಕಾನ್ವೆಂಟಿನಲ್ಲಿರುವ ಮಗಳಿಗೊಂದು, ನನ್ನ ಅಮ್ಮನಿಗೊಂದು.

ಜನವರಿಯಲ್ಲಿ ಬಾಯಮ್ಮ ತೀರಿಕೊಂಡರು. ತೊಂಬತ್ತೊಂದು ವರ್ಷ. ಆಗ ಅಮ್ಮನಿಗೆ ಮಂಡಿ ಆಪರೇಷನ್ ಆಗಿ ಹದಿನೈದು ದಿನವಾಗಿತ್ತಷ್ಟೆ, ಹೋಗಲಾಗಲಿಲ್ಲ. ಆಗಸ್ಟ್ ಕೊನೆಗೆ ಒಂದು ದಿನ ಊಟದ ನಡುವೆ ಹೇಳಿದರು: "ಈ ಸಲ ಲಕೋಟೆ ಬರುವುದಿಲ್ಲ ಮಗಾ. ನಾವೇ ಹೋಗುವಾ."

ದಕ್ಷಿಣ ಕನ್ನಡದಲ್ಲಿ ಕೊಂಕಣಿ ಮಾತಾಡುವ ಕೆಥೋಲಿಕ್ ಗಂಡಸರಿಗೆ ಪೊರ್ಬು ಎಂದೂ ಹೆಂಗಸರಿಗೆ ಬಾಯಮ್ಮ ಎಂದೂ ಕರೆಯುವ ರೂಢಿ. ಊರಿಗೆ ಹತ್ತು ಬಾಯಮ್ಮಂದಿರಿದ್ದರೂ ನಮಗೆ ಬಾಯಮ್ಮ ಎಂದರೆ ಒಬ್ಬರೇ. ಅವರ ಜ್ಞಾನಸ್ನಾನದ ಹೆಸರು ನನಗೆ ಗೊತ್ತಾದದ್ದು ಸತ್ತ ಮೇಲೆ, ಪತ್ರಿಕೆಯ ಶ್ರದ್ಧಾಂಜಲಿ ನೋಡಿ. ಯಾರೋ ಬೇರೆಯವರು ಸತ್ತ ಹಾಗೆ ಅನ್ನಿಸಿತು. ಇನ್ನೊಂದು ಮಾತು: ಅವರು ಅಮ್ಮನ ತವರಿನ ಒಕ್ಕಲು. ಅಜ್ಜ ಅವರನ್ನು ಕರೆಯುತ್ತಿದ್ದದ್ದು ಏಕವಚನದಲ್ಲಿ, ಮಕ್ಕಳಾದ ನಾವೂ ಹಾಗೇ. ಈಗ ಬರೆಯುವಾಗ ಬೆರಳು ತಾನಾಗಿ ಬಹುವಚನಕ್ಕೆ ಹೋಗುತ್ತದೆ. ಬಾಯಮ್ಮ ಕೇಳಿದ್ದರೆ ಸೆರಗು ಬಾಯಿಗಿಟ್ಟು ನಗುತ್ತಿದ್ದರು.

ಮೊದಲ ದಿನ: ನೀರಿನೊಳಗಿನ ಇಗರ್ಜಿ

ಸೆಪ್ಟೆಂಬರ್ 6ರ ಬೆಳಗ್ಗೆ ಐದೂವರೆಗೆ ಹೊರಟೆವು. ನೆಲಮಂಗಲ, ಕುಣಿಗಲ್, ಚನ್ನರಾಯಪಟ್ಟಣ. ಈ ರಸ್ತೆಯ ಬಗ್ಗೆ ಹೇಳುವುದಕ್ಕೆ ತಟ್ಟೆ ಇಡ್ಲಿ ಬಿಟ್ಟರೆ ಏನೂ ಇಲ್ಲ.

ಹಾಸನದಿಂದ ನೇರ ಘಾಟಿಗೆ ಹೋಗದೆ ಶೆಟ್ಟಿಹಳ್ಳಿಗೆ ತಿರುಗಿದ್ದು ಅಮ್ಮನ ಹಟಕ್ಕೆ. ಬಾಯಮ್ಮನ ಅಡುಗೆಮನೆಯ ಬಾಗಿಲ ಹಿಂದೆ ಈ ಇಗರ್ಜಿಯ ಫೋಟೋ ಇದ್ದ ಕ್ಯಾಲೆಂಡರ್ ಹಾಳೆಯೊಂದು ವರ್ಷಗಟ್ಟಲೆ ನೇತಾಡುತ್ತಿತ್ತಂತೆ. "ದೇವರ ಮನೆಯನ್ನು ನೀರಿಗೆ ಬಿಟ್ಟು ಹೇಗೆ ಬಂದರು ಆ ಜನ" ಎಂದು ಹೊಗೆಯಲ್ಲಿ ಕಣ್ಣುಜ್ಜಿಕೊಳ್ಳುತ್ತಾ ಕೇಳುತ್ತಿದ್ದರಂತೆ. ನೋಡಬೇಕೆಂದಿದ್ದರು, ನೋಡಲಿಲ್ಲ.

1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ರೋಸರಿ ಚರ್ಚ್ ಇದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂದು ಹಿನ್ನೀರು ಊರನ್ನು ತೆಗೆದುಕೊಂಡಿತು. ಜನ ಎದ್ದುಹೋದರು, ಇಗರ್ಜಿ ನಿಂತುಕೊಂಡಿತು. ಬೇಸಿಗೆಯಲ್ಲಿ ಒಳಗೆಲ್ಲ ನಡೆದಾಡಬಹುದು. ನಾವು ಹೋದದ್ದು ಮಳೆ ಕಳೆಯುವ ಹೊತ್ತಿಗೆ, ಕಮಾನುಗಳ ಅರ್ಧಕ್ಕೆ ನೀರು. ಸೂರಿಲ್ಲ, ಬಾಗಿಲಿಲ್ಲ. ಒಂದು ಕಮಾನಿನೊಳಗಿಂದ ಬೆಳ್ಳಕ್ಕಿಯೊಂದು ಹೊರಬಂದು ಇನ್ನೊಂದರೊಳಗೆ ಹೋಯಿತು. ಅಲ್ಲಿ ಸದ್ದು ಎಂದರೆ ಗೋಡೆಗೆ ನೀರು ಬಡಿಯುವುದೊಂದೇ.

ದಡದಲ್ಲಿ ಹಸು ಮೇಯಿಸುತ್ತಿದ್ದ ಮುದುಕರೊಬ್ಬರು ಬಂದು ಪಕ್ಕದಲ್ಲಿ ನಿಂತರು. "ನಮ್ಮಪ್ಪನ ಮದ್ವೆ ಅದ್ರೊಳ್ಗೇ ಆಗಿದ್ದು ಕಣವ್ವ" ಎಂದರು ಅಮ್ಮನಿಗೆ. ಬಾಯಮ್ಮನ ಪ್ರಶ್ನೆಯನ್ನು ಅಮ್ಮ ಇವರಿಗೆ ಕೇಳಿಯೇಬಿಟ್ಟರು: ಹೇಗೆ ಬಿಟ್ಟು ಬಂದಿರಿ? ಅವರು ಕೋಲಿನ ಮೇಲೆ ಗದ್ದ ಊರಿ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಬಿಟ್ಟೆಲ್ ಬಂದ್ವವ್ವ. ದಿನಾ ದನ ಹೊಡ್ಕಂಡು ಇಲ್ಗೇ ಬರ್ತೀನಲ್ಲ."

ವಾಪಸು ಬರುವಾಗ ಅಮ್ಮನ ಎಡಗಾಲಿನ ಚಪ್ಪಲಿ ಕೆಸರಿನಲ್ಲಿ ಹೂತಿತು. ನಾನು ಎಳೆದಾಗ ಪಟ್ಟಿ ಮಾತ್ರ ಕೈಗೆ ಬಂತು. ಆ ಮಂಡಿ ಇಟ್ಟುಕೊಂಡು ಬರಿಗಾಲಲ್ಲಿ ಕಾರಿನ ತನಕ ನಡೆದರು, ಒಂದು ಮಾತು ಬೈಯಲಿಲ್ಲ. ಮಳೆಗಾಲದಲ್ಲಿ ಇಲ್ಲಿಗೆ ಹೋಗುವವರು ಹಿಂದೆ ಪಟ್ಟಿ ಇರುವ ಚಪ್ಪಲಿ ಹಾಕಿಕೊಳ್ಳಿ, ನೀರಿನಂಚಿನ ಮಣ್ಣು ಗಟ್ಟಿಯಿದ್ದಂತೆ ಕಾಣುತ್ತದೆ, ಇರುವುದಿಲ್ಲ. ಸಕಲೇಶಪುರದಲ್ಲಿ ಹೊಸ ಚಪ್ಪಲಿ ಕೊಂಡು ಅಲ್ಲೇ ಉಳಿದೆವು. ರಾತ್ರಿಯಿಡೀ ಮಳೆ.

ಎರಡನೇ ದಿನ: ಘಾಟಿ, ಮೀನು, ಎರಡು ಕಟ್ಟು ಬೀಡಿ

ಶಿರಾಡಿ ಘಾಟಿಯಲ್ಲಿ ಒಂದು ಗ್ಯಾಸ್ ಟ್ಯಾಂಕರ್ ಅಡ್ಡ ನಿಂತು ಎರಡು ತಾಸು ಕದಲಲಿಲ್ಲ. ಕಾರಿನ ಗಾಜಿಗೆ ಮಂಜು ಕೂತಿತ್ತು. ಹೊರಗೆ ಎಲ್ಲಿ ನೋಡಿದರೂ ನೀರು, ಬಂಡೆಯ ಮೇಲಿಂದ, ಮರದ ಬೊಡ್ಡೆಯಿಂದ, ರಸ್ತೆಯ ಮೇಲಿಂದ. ಮಳೆಗಾಲದಲ್ಲಿ ಈ ದಾರಿಯಲ್ಲಿ ಬರುವವರು ನೀರು, ಬಿಸ್ಕತ್ತು ಜೊತೆಗೇ ಇಟ್ಟುಕೊಂಡಿರಬೇಕು. ನಮ್ಮಲ್ಲಿ ಇದ್ದದ್ದು ಅರ್ಧ ಪೊಟ್ಟಣ ಚಕ್ಕುಲಿ.

ಆ ಎರಡು ತಾಸಿನಲ್ಲಿ ಅಮ್ಮ ಭೂಮಿಯ ಕಥೆ ಹೇಳಿದರು. ತುಂಡುತುಂಡಾಗಿ ಕೇಳಿದ್ದೆ, ಪೂರ್ತಿ ಕೇಳಿದ್ದು ಮೊದಲ ಸಲ.

ಬಾಯಮ್ಮನ ಕಡೆಯವರು ಅಜ್ಜನ ಗುತ್ತಿನ ಮನೆಯ (ಜಮೀನ್ದಾರರ ಮನೆಯ) ಎರಡು ಎಕರೆ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದರು. ಅದಕ್ಕೂ ಹಿಂದಿನದನ್ನು ಬಾಯಮ್ಮ ತನ್ನದೇ ಲೆಕ್ಕದಲ್ಲಿ ಹೇಳುತ್ತಿದ್ದರಂತೆ. 1784ರಲ್ಲಿ ಟಿಪ್ಪು ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ. 1799ರಲ್ಲಿ ಅವನು ಸತ್ತ ಮೇಲೆ ಅಳಿದುಳಿದವರು ಮರಳಿದರು. "ನಮ್ಮ ಹಿರಿಯರು ಹೀಗೇ ಯಾವುದೋ ಘಟ್ಟ ಇಳಿದು ಬಂದು ನಿಮ್ಮ ಹಿರಿಯರ ಅಂಗಳದಲ್ಲಿ ನಿಂತು ಗದ್ದೆ ಕೇಳಿದ್ದು" ಎನ್ನುತ್ತಿದ್ದರಂತೆ.

1974ರಲ್ಲಿ ಉಳುವವನೇ ಹೊಲದೊಡೆಯನಾದ. ಬಾಯಮ್ಮನ ಗಂಡ ಪೊರ್ಬು ಗದ್ದೆ ತಮ್ಮ ಹೆಸರಿಗೆ ಆಗಲೆಂದು ಡಿಕ್ಲರೇಶನ್ ಕೊಟ್ಟರು, ಏಳನೇ ನಂಬರ್ ಫಾರಂ. ಫಾರಂ ಕೊಡುವ ಹಿಂದಿನ ದಿನ ಬಾಯಮ್ಮ ಒಬ್ಬರೇ ಬಂದು ಅಜ್ಜನ ಎದುರು ನಿಂತರಂತೆ. "ಧನಿಗಳೇ, ನಾಳೆ ಕೊಡುವುದುಂಟು. ಬೇರೆಯವರ ಬಾಯಿಂದ ನಿಮ್ಮ ಕಿವಿಗೆ ಬೀಳುವುದು ಬೇಡ ಅಂತ ಬಂದೆ." ಅಜ್ಜ ತಾಂಬೂಲ ಉಗಿದು ಒಳಗೆ ಹೋದರು. ಟ್ರಿಬ್ಯೂನಲ್ಲಿನಲ್ಲಿ ಗದ್ದೆ ಅವರ ಪಾಲಾಯಿತು. ಅಂದಿನಿಂದ 1988ರಲ್ಲಿ ಸಾಯುವ ತನಕ ಅಜ್ಜ ಆ ಮನೆಯವರ ಜೊತೆ ಮಾತಾಡಲಿಲ್ಲ.

"ನೀನು ಹುಟ್ಟಿದ್ದು 79ರಲ್ಲಿ ಅಲ್ವಾ" ಎಂದರು ಅಮ್ಮ. ಮುಂದೇನೋ ಹೇಳುವವರಿದ್ದರು. ಅಷ್ಟರಲ್ಲಿ ಮುಂದಿನ ಲಾರಿ ಹೊಗೆ ಬಿಟ್ಟು ಕದಲಿತು.

ಗುಂಡ್ಯದಲ್ಲಿ ಚಹಾ. ಬಿ.ಸಿ. ರೋಡಿನಿಂದ ಬಂಟ್ವಾಳಕ್ಕೆ ತಿರುಗುವ ಬದಲು ಮಂಗಳೂರು ದಾರಿಯಲ್ಲೇ ಸ್ವಲ್ಪ ಮುಂದೆ ಹೋಗಿ ಫರಂಗಿಪೇಟೆಯಲ್ಲಿ ಇಳಿದೆವು. ನೇತ್ರಾವತಿಯ ದಂಡೆಯ ಮೇಲಿನ ಗುಡ್ಡದಲ್ಲಿ ಮೊಂತೆ ಮರಿಯಾನೊ ಇಗರ್ಜಿ. ಮೊಂತೆ ಎಂದರೆ ಗುಡ್ಡ, ಕುರಲ್ ಪರ್ಬಕ್ಕೆ ಕೊಂಕಣಿಯಲ್ಲಿ ಮೊಂತಿ ಫೆಸ್ತ್ ಎಂಬ ಹೆಸರು ಬಂದದ್ದು ಅದರಿಂದ. ಗೋವಾದಿಂದ ಬಂದ ಜೋಕಿಂ ಮಿರಾಂಡ ಎಂಬ ಪಾದ್ರಿ 1763ರಲ್ಲಿ ಇಲ್ಲಿ ಈ ಹಬ್ಬ ಶುರುಮಾಡಿದರು. ಮೇರಿ ಮಾತೆ ಹುಟ್ಟಿದ ದಿನ ಸೆಪ್ಟೆಂಬರ್ 8, ಗದ್ದೆಯಲ್ಲಿ ತೆನೆ ಬಲಿಯುವ ಹೊತ್ತೂ ಅದೇ. ತುಳುವರ ಹೊಸ ಅಕ್ಕಿ ಊಟವೂ, ಇದೂ ಒಂದೇ ಗದ್ದೆಯ ಹಬ್ಬಗಳು. ಹೈದರಾಲಿಗೆ ಮಿರಾಂಡರ ಮೇಲಿದ್ದ ಸ್ನೇಹದಿಂದಾಗಿ ಟಿಪ್ಪುವಿನ ಕಾಲದಲ್ಲೂ ಈ ಇಗರ್ಜಿ ಉಳಿಯಿತು ಎನ್ನುತ್ತಾರೆ. ಗುಡ್ಡ ಏರುವಾಗ ಮಕ್ಕಳ ಗುಂಪೊಂದು ಬುಟ್ಟಿ ತುಂಬ ಹೂ ಹೊತ್ತು ಇಳಿಯುತ್ತಿತ್ತು. ಗುಡ್ಡದ ಮೇಲೆ ಗಾಳಿ ಜೋರು, ಕೆಳಗೆ ಹೊಳೆ ಕೆಂಪಗೆ.

ಬರುವಾಗ ನಾನೊಂದು ದೊಡ್ಡ ಎಡವಟ್ಟು ಮಾಡಿದೆ. ಅಮ್ಮ ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದರು. ರಸ್ತೆ ಬದಿಯಲ್ಲಿ ಮೀನು ಕಂಡಿತು. ಟ್ರಾಲಿಂಗ್ ನಿಷೇಧ ಮುಗಿದು ತಿಂಗಳಾಗಿತ್ತು, ಅಂಜಲ್ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಬರಿಗೈಯಲ್ಲಿ ಹೋಗುವುದು ಬೇಡವೆಂದು ಎರಡು ಕಿಲೋ ತುಂಡು ಮಾಡಿಸಿ ಡಿಕ್ಕಿಯಲ್ಲಿಟ್ಟೆ. ಬಂಟ್ವಾಳ ದಾಟುವಾಗ ವಾಸನೆಗೆ ಅಮ್ಮ ಎದ್ದರು.

"ಎಂಥ ತಗೊಂಡೆ?"

ಹೇಳಿದೆ.

"ಅಯ್ಯೋ ಮಾರಾಯಾ! ನಾಳೆ ಕುರಲ್ ಪರ್ಬ. ಒಂಬತ್ತು ದಿನದಿಂದ ಆ ಮನೆಯಲ್ಲಿ ಮೀನಿನ ಮುಳ್ಳು ಬಿದ್ದಿರುವುದಿಲ್ಲ. ಹಬ್ಬದ ಊಟ ಬರೀ ತರಕಾರಿ. ನಲವತ್ತು ವರ್ಷ ಅವಳ ಕೈಯ ಅನ್ನ ಉಂಡಿದ್ದಿ, ಇಷ್ಟೂ ಗೊತ್ತಿಲ್ಲವಾ?"

ಸಿದ್ಧಕಟ್ಟೆ ದಾಟಿದ ಮೇಲೆ ಫೋನಿನ ನಕ್ಷೆ ಒಂದು ರಬ್ಬರ್ ತೋಟದೊಳಗೆ ಕರೆದೊಯ್ದು ಕೈಬಿಟ್ಟಿತು. ನಾನು ಚಿಕ್ಕವನಿದ್ದಾಗ ಅಡಿಕೆ ಮರದ ಸಂಕ ಇದ್ದಲ್ಲಿ ಈಗ ಕಾಂಕ್ರೀಟ್ ಮೋರಿ, ಯಾವುದೂ ಗುರುತು ಸಿಗಲಿಲ್ಲ. ರಿಕ್ಷಾದಲ್ಲಿ ಬಂದ ಬ್ಯಾರಿ, ಅಂದರೆ ಕರಾವಳಿಯ ಮುಸ್ಲಿಂ, ಹುಡುಗನೊಬ್ಬನನ್ನು (ಹುಡುಗ ಎಂದರೆ ನನ್ನ ವಯಸ್ಸೇ) ಕೇಳಿದೆವು. ಬಾಯಮ್ಮನ ಮನೆ ಎಂದ ಕೂಡಲೇ ರಿಕ್ಷಾ ತಿರುಗಿಸಿ "ನನ್ನ ಹಿಂದೆ ಬನ್ನಿ" ಎಂದ. ಮನೆಯ ತಿರುವಿನಲ್ಲಿ ಇಳಿದು ದುಡ್ಡು ಕೊಡಹೋದರೆ ಕೈ ಹಿಂದಕ್ಕೆ ಕಟ್ಟಿಕೊಂಡ. "ನನ್ನ ಉಮ್ಮನಿಗೆ ಐದು ಹೆರಿಗೆ. ಐದಕ್ಕೂ ಅವರೇ. ಆ ಮನೆ ತೋರಿಸಿದ್ದಕ್ಕೆ ಬಾಡಿಗೆ ತಗೊಂಡರೆ ಉಮ್ಮ ಮನೆಗೆ ಸೇರಿಸುವುದಿಲ್ಲ."

"ದುಡ್ಡು ಬೇಡ, ಮೀನು ತಗೊಳ್ತೀಯಾ?" ಎಂದರು ಅಮ್ಮ. ಎರಡು ಕಿಲೋ ಅಂಜಲ್ ಹಾಗೆ ಹೊರಟುಹೋಯಿತು.

ಬಾಯಮ್ಮ ಸೂಲಗಿತ್ತಿ. ತರಬೇತಿ ಏನೂ ಇಲ್ಲ, ಅತ್ತೆಯ ಹಿಂದೆ ಹೋಗಿ ಕಲಿತದ್ದು. ಕುದಿಸಿದ ಬ್ಲೇಡು, ಕುದಿಸಿದ ನೂಲು, ಹಳೆ ಮುಂಡಿನ ಬಟ್ಟೆ, ಹರಳೆಣ್ಣೆಯ ಬಾಟ್ಲಿ ಒಂದು ಚೀಲದಲ್ಲಿ ಸದಾ ಸಿದ್ಧ. ರಾತ್ರಿ ತೂಟೆ (ಪಂಜು) ಹಿಡಿದು ಗದ್ದೆ ಹುಣಿಯ (ಬದುವಿನ) ಮೇಲೆ ಹೊರಟರೆ ಯಾರ ಮನೆ, ಯಾವ ಜಾತಿ ಎಂದು ಕೇಳಿದ್ದಿಲ್ಲ. ಕೊಟ್ಟರೆ ಒಂದು ತೆಂಗಿನಕಾಯಿ, ಒಂದು ಸೇರು ಅಕ್ಕಿ. ದುಡ್ಡು ಮುಟ್ಟುತ್ತಿರಲಿಲ್ಲ. ಅವರ ಹತ್ತಿರ ಒಂದು ತಗಡಿನ ಡಬ್ಬವೂ ಇತ್ತು. ಕಂಕನಾಡಿಯ ಫಾದರ್ ಮುಲ್ಲರ್ ಆಸ್ಪತ್ರೆಯಿಂದ ತಂದ ಹೋಮಿಯೋಪತಿ ಗುಳಿಗೆಗಳು. 1880ರಲ್ಲಿ ಜರ್ಮನಿಯ ಪಾದ್ರಿ ಆಗಸ್ಟಸ್ ಮುಲ್ಲರ್ ಆಲದ ಮರದ ಕೆಳಗೆ ಬಡವರಿಗೆ ಕೊಡಲು ಶುರುಮಾಡಿದ ಗುಳಿಗೆಗಳ ವಂಶದವು. ನಮಗೆ ಮಾತ್ರ ಅವು ಸಕ್ಕರೆ. ಸುಮ್ಮಸುಮ್ಮನೆ ಹೊಟ್ಟೆ ಹಿಡಿದುಕೊಂಡು ಅವರ ಜಗಲಿಗೆ ಹೋಗುತ್ತಿದ್ದೆವು. ಅವರಿಗೂ ಗೊತ್ತಿತ್ತು, ನಾಲ್ಕು ಗುಳಿಗೆ ಎಣಿಸಿ ನಾಲಿಗೆಯ ಮೇಲೆ ಇಡುತ್ತಿದ್ದರು.

ಕೆಂಪುಕಲ್ಲಿನ ಮನೆ, ಮಂಗಳೂರು ಹಂಚು, ಒಳಗೆ ಯೇಸುವಿನ ಪವಿತ್ರ ಹೃದಯದ ಪಟದ ಕೆಳಗೆ ಕೆಂಪು ಸಣ್ಣ ಬಲ್ಬು. ಕಿರಿ ಮಗ ಮತ್ತು ಸೊಸೆ ಮನೆ ನೋಡಿಕೊಳ್ಳುತ್ತಾರೆ. ಗುತ್ತಿನ ಮನೆ ಬಿದ್ದುಹೋಗಿ ಇಪ್ಪತ್ತು ವರ್ಷವಾಯಿತು, ಅದರ ಅಡಿಪಾಯದ ಮೇಲೆ ಈಗ ಬೇರೆ ಯಾರದೋ ರಬ್ಬರ್. ಹಾಗಾಗಿ ಧನಿಗಳ ಮಗಳು ಊರಿಗೆ ಬಂದರೆ ಉಳಿಯುವುದು ಒಕ್ಕಲಿನ ಮನೆಯಲ್ಲಿ. ಅಮ್ಮನಿಗೆ ಬಾಯಮ್ಮನ ಮಂಚವನ್ನೇ ಬಿಟ್ಟುಕೊಟ್ಟರು.

ಸಂಜೆ ಏಳಕ್ಕೆ ತೇರ್ಸ್. ಜಪಮಾಲೆ ಹಿಡಿದು ಮನೆಮಂದಿಯೆಲ್ಲ ಮಂಡಿಯೂರಿದರು, ಮಂಡಿ ಮಡಚಲಾಗದ ಅಮ್ಮ ಕುರ್ಚಿಯಲ್ಲಿ ಕೂತರು. ಬಾಯಮ್ಮನ ಜಪಮಾಲೆ ಆಲ್ತಾರಿನ (ದೇವರ ಪೀಠದ) ಮೊಳೆಗೆ ನೇತಾಡುತ್ತಿತ್ತು, ಮಣಿಗಳು ಹೆಚ್ಚು ಸವೆದಿರಲಿಲ್ಲ. ಅದಕ್ಕೆ ಕಾರಣವುಂಟು. ಹಗಲಿಡೀ ಬೀಡಿ ಕಟ್ಟುತ್ತಾ, ತಡ್ಪೆ (ಮೊರ) ಮಡಿಲಲ್ಲಿಟ್ಟುಕೊಂಡೇ ಅವರು ಜಪ ಮಾಡುತ್ತಿದ್ದರು. ಒಂದು ಬೀಡಿಗೆ ಒಂದು ನಮಾನ್ ಮರಿಯೆ, ಮೇರಿ ಮಾತೆಗೆ ನಮನದ ಜಪ. ಇಪ್ಪತ್ತೈದು ಬೀಡಿಗೆ ಒಂದು ಕಟ್ಟು, ಎರಡು ಕಟ್ಟಾದರೆ ಜಪಮಾಲೆಯ ಐದು ಹತ್ತುಗಳೂ ಮುಗಿದವು. ಮಂಗಳೂರಿನ ಬೀಡಿ ಸೇದಿದ ಎಷ್ಟು ಜನರ ಎದೆಯೊಳಗೆ ಬಾಯಮ್ಮನ ಪ್ರಾರ್ಥನೆ ಹೊಗೆಯಾಗಿ ಹೋಗಿದೆಯೋ.

ಕೊನೆಗೆ ಮಗ ಒಂದು ಹಳೆ ಪ್ರಾರ್ಥನೆ ಪುಸ್ತಕ ತೆಗೆದರು. ಹಿಂದಿನ ಖಾಲಿ ಹಾಳೆಗಳಲ್ಲಿ ಕನ್ನಡ ಅಕ್ಷರದಲ್ಲಿ, ಪೆನ್ಸಿಲಿನಲ್ಲಿ, ಸತ್ತವರ ಪಟ್ಟಿ. ಪ್ರತಿ ಹೆಸರಿನ ಮುಂದೆ ಪುಟ್ಟ ಶಿಲುಬೆ. ಓದುತ್ತಾ ಹೋದರು. ಅತ್ತೆ, ಮಾವ, ಪೊರ್ಬು, ಬಾವಿಗೆ ಬಿದ್ದ ಪಕ್ಕದ ಮನೆ ಹುಡುಗ. ನಡುವೆ "ಗುತ್ತುದ ಧನಿ" ಎಂದಾಗ ನಾನು ತಲೆಯೆತ್ತಿದೆ. ನನ್ನ ಅಜ್ಜ. ಹದಿನಾಲ್ಕು ವರ್ಷ ಮಾತಾಡದೆ ಸತ್ತ ಮನುಷ್ಯನಿಗೆ ಈ ಮನೆಯಲ್ಲಿ ದಿನಾ ಸಂಜೆ ಒಂದು ಪ್ರಾರ್ಥನೆ ಸಲ್ಲುತ್ತಿತ್ತು.

ಅದರ ಮೇಲಿನ ಸಾಲು: "ಗುತ್ತುದ ಬಾಲೆ, 1977."

ಗುತ್ತಿನ ಮಗು. ನಾನು ಅಮ್ಮನ ಕಡೆ ನೋಡಿದೆ. ಅಮ್ಮ ಕೆಂಪು ಬಲ್ಬನ್ನೇ ನೋಡುತ್ತಿದ್ದರು.

ಮೂರನೇ ದಿನ: ತೆನೆ

ಬೆಳಗ್ಗೆ ಮಳೆ ಹೊಳವಾಗಿತ್ತು. ಇಗರ್ಜಿಗೆ ಗದ್ದೆಯ ನಡುವೆ ಒಂದು ಕಿಲೋಮೀಟರ್ ನಡಿಗೆ. ಕಾರಿನಲ್ಲಿ ಹೋಗುವಾ ಎಂದರೆ ಅಮ್ಮ ಒಪ್ಪಲಿಲ್ಲ, ಹೊಸ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಹುಣಿಯ ಮೇಲೆ ನಡೆದರು.

ಅಂಗಳದಲ್ಲಿ ಮಂಟಪ, ಅದರಲ್ಲಿ ಬಾಲ ಮರಿಯಳ ಪುಟ್ಟ ಪ್ರತಿಮೆ. ಒಂಬತ್ತು ದಿನದಿಂದ ಮಕ್ಕಳು ತಂದು ಹಾಕಿದ ಹೂಗಳು ಸುತ್ತ ಗುಡ್ಡೆಯಾಗಿದ್ದವು. ಗೋರಂಟೆ, ದಾಸವಾಳ, ಕಾಡುಹೂ, ಯಾರೋ ತಂದ ಅಂಗಡಿಯ ಸೇವಂತಿಗೆ. ಪಾದ್ರಿ ತೆನೆಯ ಕಟ್ಟುಗಳನ್ನು ಆಶೀರ್ವದಿಸಿದರು. ಬ್ಯಾಂಡಿನೊಂದಿಗೆ ಮೆರವಣಿಗೆ ಇಗರ್ಜಿಯೊಳಗೆ ಹೋಯಿತು. ಮಕ್ಕಳು ಹಾಡುತ್ತಾ ಎಸಳು ಎರಚುತ್ತಿದ್ದರೆ ಅರ್ಧ ಎಸಳು ಮುಂದಿದ್ದವರ ತಲೆಯ ಮೇಲೆ. ಪೂಜೆ ಮುಗಿದ ಮೇಲೆ ಮಕ್ಕಳಿಗೆ ಕಬ್ಬು. ಅದಕ್ಕೇ ಕಾದಿದ್ದ ಒಂದು ಹುಡುಗ ತನಗಿಂತ ಉದ್ದದ ಜಲ್ಲೆ ಎಳೆದುಕೊಂಡು ಹೋಗುವಾಗ ಮೂರು ಜನರ ಕಾಲಿಗೆ ಸಿಕ್ಕಿಸಿದ. ಮನೆಗೊಂದೊಂದು ಹಿಡಿ ತೆನೆ ಕೊಟ್ಟರು.

ಬಾಯಮ್ಮ ಕುಳಿತುಕೊಳ್ಳುತ್ತಿದ್ದ ಬೆಂಚು ಎಡಗಡೆ ಮೂರನೆಯದು. ಖಾಲಿ ಇರಬಹುದು ಅಂದುಕೊಂಡಿದ್ದೆ. ಇರಲಿಲ್ಲ, ಒಬ್ಬಳು ಎಳೆ ಬಾಣಂತಿ ಮಗುವಿಗೆ ಸೆರಗು ಮುಚ್ಚಿ ಹಾಲೂಡಿಸುತ್ತಾ ಕೂತಿದ್ದಳು.

ಮನೆಗೆ ಬಂದರೆ ಅಡುಗೆಮನೆಯಲ್ಲಿ ಲೆಕ್ಕ ನಡೆಯುತ್ತಿತ್ತು. ಈ ದಿನ ಪಲ್ಯ ಪದಾರ್ಥಗಳು ಬೆಸ ಸಂಖ್ಯೆಯಲ್ಲಿರಬೇಕು, ಮೂರು, ಐದು, ಏಳು, ಒಂಬತ್ತು. ಬಾಯಮ್ಮ ಇದ್ದಾಗ ಒಂಬತ್ತಕ್ಕೆ ಕಡಿಮೆ ಇರುತ್ತಿರಲಿಲ್ಲ. ಬೆಂಡೆ, ಹೀರೆ, ಹಾಗಲ, ಅಲಸಂಡೆ, ಹರಿವೆ, ಮುಳ್ಳುಸೌತೆ, ಕುಂಬಳ. ಎಂಟನೆಯದು ಕೆಸುವಿನ ಎಳೆ ಎಲೆ ಸುರುಳಿ ಸುತ್ತಿ ಗಂಟು ಹಾಕಿ, ಅಂಬಟೆಕಾಯಿ ಹಾಕಿ ಬೇಯಿಸುವ ಆಳ್ವತಿ. ಒಂಬತ್ತನೆಯದಕ್ಕೆ ಸೊಸೆ ತಲೆ ಕೆರೆದುಕೊಳ್ಳುತ್ತಿದ್ದರು. ಪಾಯಸದಂಥ ವೊರ್ನ್ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂಬುದು ಪ್ರಶ್ನೆ. "ಮಾಂಯ್ ಇದ್ದಿದ್ದರೆ ಹೇಳುತ್ತಿದ್ದರು" ಎಂದು ಅತ್ತರು, ಅಳುತ್ತಲೇ ಒಗ್ಗರಣೆ ಹಾಕಿದರು. ಅಮ್ಮ ಹಿತ್ತಲಿಗೆ ಹೋಗಿ ನಾಲ್ಕು ತೊಂಡೆಕಾಯಿ ಕೊಯ್ದು ತಂದು ಹೆಚ್ಚತೊಡಗಿದರು. ಒಂಬತ್ತಾಯಿತು.

ಒಲೆಯ ಪಕ್ಕದ ಕಪಾಟಿನಲ್ಲಿ ಹಳೆ ಹಾಲಿನಪುಡಿ ಡಬ್ಬವೊಂದು ಕಂಡಿತು, ಅರ್ಧ ಅಕ್ಕಿ. ದಿನಾ ಅನ್ನಕ್ಕೆ ಅಕ್ಕಿ ಹಾಕುವಾಗ ಒಂದು ಹಿಡಿ ವಾಪಸು ತೆಗೆದು ಇದಕ್ಕೆ ಹಾಕುವುದು ಬಾಯಮ್ಮನ ಕ್ರಮ. ತಿಂಗಳ ಕೊನೆಗೆ ಸೆರಗಿನಲ್ಲಿ ಮರೆಮಾಡಿ ಯಾರ ಮನೆಗೋ ಹೋಗುತ್ತಿತ್ತು. ಯಾರ ಮನೆಗೆ ಎಂದು ಮಗನಿಗೂ ಹೇಳಿರಲಿಲ್ಲ. "ಈಗ ಡಬ್ಬ ತುಂಬುತ್ತದೆ, ಎಲ್ಲಿಗೆ ಕೊಡುವುದೆಂದೇ ಗೊತ್ತಾಗುವುದಿಲ್ಲ" ಎಂದರು ಅವರು. ಹೋದ ತಿಂಗಳು ಮಾತ್ರ ಗುಡ್ಡದಾಚೆಯ ಮುದುಕಿಯೊಬ್ಬಳು ತಾನೇ ಬಂದು ಜಗಲಿಯಲ್ಲಿ ಸುಮ್ಮನೆ ಕೂತಳಂತೆ. ಸೊಸೆಗೆ ಹೊಳೆಯಿತು, ಡಬ್ಬ ತಂದಿಟ್ಟರು. ಒಂದು ವಿಳಾಸ ಸಿಕ್ಕಂತಾಯಿತು.

ಊಟಕ್ಕೆ ಮೊದಲು ತೆನೆಯನ್ನು ಆಲ್ತಾರಿನ ಮೇಲಿಂದ ಇಳಿಸಿದರು. ಮಕ್ಕಳು ಉಗುರಿನಲ್ಲಿ ಭತ್ತ ಸುಲಿದರು. ಒಳಗಿನ ಅಕ್ಕಿ ಇನ್ನೂ ಹಸಿ, ಒತ್ತಿದರೆ ಹಾಲು. ಕಲ್ಲಿನಲ್ಲಿ ಅರೆದು ತೆಂಗಿನ ಹಾಲಿಗೆ ಬೆರೆಸಿ ಒಂದು ಪಿಂಗಾಣಿ ಬಟ್ಟಲಿಗೆ ಹಾಕಿದರು. ಇದು ನೊವೆಂ, ಹೊಸತು. ಮನೆಯ ಹಿರಿಯರು ಒಬ್ಬೊಬ್ಬರಿಗೂ ಕೊಡಬೇಕು. ಪೊರ್ಬು ಹೋದ ಮೇಲೆ ಮೂವತ್ತು ವರ್ಷ ಕೊಟ್ಟವರು ಬಾಯಮ್ಮ. ಮುಂಬೈಯ ಹಿರಿಮಗನಿಗೆ ಬರಲಾಗಲಿಲ್ಲ, ಸಿಸ್ಟರ್ ದೂರದ ಜಾರ್ಖಂಡಿನಲ್ಲಿದ್ದಾರೆ.

ಕಿರಿ ಮಗ ಬಟ್ಟಲು ಹಿಡಿದು ನಿಂತವರು ನನ್ನ ಅಮ್ಮನ ಮುಂದೆ ಬಂದರು.

"ಅಕ್ಕಾ, ನೀವು ಕೊಡಬೇಕು. ಈಗ ಈ ಮನೆಯೊಳಗೆ ಇರುವವರಲ್ಲಿ ನೀವೇ ಹಿರಿಯರು."

"ನನಗೆ ನಿಮ್ಮ ಪ್ರಾರ್ಥನೆ ಬರುವುದಿಲ್ಲ."

"ಪ್ರಾರ್ಥನೆ ನಾವು ಹೇಳುತ್ತೇವೆ. ನೀವು ಕೊಡಿ."

ಅಮ್ಮ ಎದ್ದು ನಿಂತರು. ಕೈ ನಡುಗಿ ಮೊದಲ ಚಮಚದ ಅರ್ಧ ನೆಲಕ್ಕೆ ಬಿತ್ತು. ಮಗ, ಸೊಸೆ, ಮೂವರು ಮೊಮ್ಮಕ್ಕಳು, ಕೊನೆಗೆ ನಾನು. ಸಣ್ಣ ಮೊಮ್ಮಗಳು ಕೈ ಜೋಡಿಸಿ "ಬೆಸಾಂವ್" ಎಂದಳು. ಆಶೀರ್ವಾದ ಕೇಳಿದರೆ ಏನು 'ಹೇಳಬೇಕು' ಎಂದು ಅಮ್ಮನಿಗೆ ಗೊತ್ತಿತ್ತು. ಬಾಯಮ್ಮನ ಬಾಯಿಂದ ಸಾವಿರ ಸಲ ಕೇಳಿದ್ದರಲ್ಲ. "ದೇವ್ ಬರೆಂ ಕರುಂ" (ದೇವರು ಒಳ್ಳೆಯದು ಮಾಡಲಿ) ಎಂದರು, ತುಳುವಿನ ರಾಗದಲ್ಲಿ.

ಊಟದ ಬಗ್ಗೆ ಬರೆದರೆ ಮುಗಿಯುವುದಿಲ್ಲ. ಆಳ್ವತಿಯ ಗಂಟು ಬಾಯಲ್ಲಿ ಬಿಚ್ಚುವಾಗ ಅಂಬಟೆಯ ಹುಳಿ ಮೊದಲು, ಆಮೇಲೆ ತೆಂಗಿನಕಾಯಿ. ಮೂರು ಸಲ ಹಾಕಿಸಿಕೊಂಡೆ.

ನಾಲ್ಕನೇ ದಿನ: ಖಾಯಂ ಅಲ್ಲದ ಗೋರಿ

ಬೆಳಗ್ಗೆ ಹೊರಡುವ ಮೊದಲು ಇಗರ್ಜಿಯ ಹಿಂದಿನ ಸ್ಮಶಾನಕ್ಕೆ ಹೋದೆವು. ಗ್ರಾನೈಟಿನ, ಫೋಟೋ ಕೆತ್ತಿದ ಗೋರಿಗಳ ಸಾಲು ದಾಟಿದರೆ ಹಿಂದೆ ಮಣ್ಣಿನ ದಿಬ್ಬಗಳು, ಮರದ ಶಿಲುಬೆಗಳು. ಬಾಯಮ್ಮನದು ಅಲ್ಲಿ. ಹುಲ್ಲು ಕೆತ್ತುತ್ತಿದ್ದ ಕೆಲಸದಾತ ಹೇಳಿದ: "ಇದು ಖಾಯಂ ಅಲ್ಲ. ಕೆಲವು ವರ್ಷ ಬಿಟ್ಟು ಇದೇ ಜಾಗದಲ್ಲಿ ಬೇರೆಯವರನ್ನು ಇಡುತ್ತೇವೆ. ಕುವೈತಿನ ಮಗ ಕಲ್ಲು ಹಾಕಿಸುತ್ತೇನೆ ಅಂದರು. ಬಾಯಮ್ಮ ಮೊದಲೇ ಹೇಳಿ ಇಟ್ಟಿದ್ದರು, ಬೇಡ, ಜಾಗ ಹಿಡಿದು ಕೂರುವುದು ಬೇಡ ಅಂತ."

ಅಮ್ಮ ಮೇಣದಬತ್ತಿ ಹಚ್ಚಲು ಹೋದರು, ಮಣ್ಣು ಒದ್ದೆ, ಬತ್ತಿ ನಿಲ್ಲಲಿಲ್ಲ. ತೆಂಗಿನ ಗೆರಟೆಯೊಳಗೆ ಇಟ್ಟು ಹಚ್ಚಿದೆವು. ಆಮೇಲೆ ನಾನು ಕೇಳದೆಯೇ ಹೇಳಿದರು, ತುಳುವಿನಲ್ಲಿ.

"ಮೊದಲನೆಯದು ಹೆಣ್ಣು. ಎಪ್ಪತ್ತೇಳು, ಆಟಿ ತಿಂಗಳು. ಅಪ್ಪ ಅವಳನ್ನು ಕರೆಯುವುದು ಬೇಡ ಅಂದರು. ಹೊಳೆ ತುಂಬಿತ್ತು, ಆಸ್ಪತ್ರೆಗೆ ದಾರಿ ಇರಲಿಲ್ಲ. ಅಣ್ಣ ಕದ್ದು ಹೋಗಿ ಕರೆದುಕೊಂಡು ಬಂದ. ಅವಳು ಬರುವಾಗಲೇ ತಡವಾಗಿತ್ತು. ಮಗು ಅರ್ಧ ತಾಸು ಇತ್ತು. ಹಣೆಗೆ ಸ್ವಲ್ಪ ನೀರು ಹಾಕಲಾ ಮಗಾ ಅಂತ ಕೇಳಿದಳು. ಕೇಳಿಯೇ ಹಾಕಿದಳು. ನಾನು ಹೂಂ ಅಂದೆ. ಏನು ಹೇಳಿದಳೋ ನನಗೆ ಅರ್ಥವಾಗಲಿಲ್ಲ. ತನ್ನ ಸೀರೆಯ ಸೆರಗು ಹರಿದು ಸುತ್ತಿ ಅಣ್ಣನ ಕೈಗೆ ಕೊಟ್ಟಳು. ಚಾವಡಿಯಲ್ಲಿ ಅಪ್ಪ ಕೂತಿದ್ದರು. ಅವರ ಎದುರಿಂದಲೇ ಹೋದಳು, ಹರಿದ ಸೀರೆಯಲ್ಲಿ."

ಸ್ವಲ್ಪ ತಡೆದು, "ಎರಡು ವರ್ಷ ಬಿಟ್ಟು ನೀನು ಬರುವಾಗ ಅಪ್ಪನೇ ಆಳನ್ನು ಕಳಿಸಿದರು. ಮಾತಾಡಲಿಲ್ಲ, ಆಳನ್ನು ಕಳಿಸಿದರು" ಎಂದರು.

ಮೂಡುಬಿದಿರೆ, ಕಾರ್ಕಳ ದಾಟಿ ಅತ್ತೂರಿಗೆ ಹೋದದ್ದು ಅಮ್ಮನ ಹರಕೆಗೆ. ಸಂತ ಲಾರೆನ್ಸರ ಇಗರ್ಜಿ, 2016ರಿಂದ ಬೆಸಿಲಿಕ. ಜನವರಿಯ ಜಾತ್ರೆಗೆ ಬಂದವರಿಗೆ ಇಲ್ಲಿ ಕಾಲಿಡಲು ಜಾಗ ಸಿಕ್ಕಿರಲಿಕ್ಕಿಲ್ಲ, ಎಲ್ಲ ಜಾತಿಯವರೂ ಮೇಣದಬತ್ತಿ ಹಿಡಿದು ಬರುತ್ತಾರೆ. ಹಾಗಾಗಿ ನಿಧಾನವಾಗಿ ನೋಡಬೇಕಿದ್ದವರಿಗೆ ಸೆಪ್ಟೆಂಬರ್ ಒಳ್ಳೆಯದು, ಅಂಗಳದಲ್ಲಿ ನಾವು ಮತ್ತು ಎರಡು ನಾಯಿ. ಬತ್ತಿ ಮಾರುವ ಹೆಂಗಸು ಅತ್ತೂರಿನ ಕಥೆ ಹೇಳಿದಳು: ಪ್ರತಿಮೆ ಹೊತ್ತು ಬಂದವರು ದಣಿದು ಗುಡ್ಡದ ಬುಗ್ಗೆಯ ಬಳಿ ಕೆಳಗಿಟ್ಟರು, ಮತ್ತೆ ಎತ್ತಲು ಹೋದರೆ ಏಳಲಿಲ್ಲ. ಅಲ್ಲಿಯೇ ನಿಂತಿತು.

ಅಮ್ಮ ಎರಡು ಬತ್ತಿ ಕೊಂಡರು. ಒಂದು ಉದ್ದದ್ದು, ಒಂದು ಬೆರಳಷ್ಟು.

ಮಾಳ ಘಾಟಿಯಾಗಿ ಕುದುರೆಮುಖದ ದಾರಿ ಹಿಡಿದೆವು, ಶಿರಾಡಿಯ ಟ್ಯಾಂಕರುಗಳ ಸಹವಾಸ ಸಾಕೆಂದು. ಕಾಡಿನ ಗೇಟಿನಲ್ಲಿ ಸಮಯ ಬರೆದ ಚೀಟಿ ಕೊಡುತ್ತಾರೆ, ಹೇಳಿದ ಹೊತ್ತಿನೊಳಗೆ ಆಚೆ ಗೇಟು ಮುಟ್ಟಬೇಕು, ನಡುವೆ ಫೋಟೋಗೆಂದು ನಿಲ್ಲಬೇಡಿ. ಗಾರ್ಡ್ ಪ್ಲಾಸ್ಟಿಕ್ ಉಂಟಾ ಎಂದು ಒಳಗೆ ಬಗ್ಗಿ ನೋಡಿದ. ಬಾಯಮ್ಮನ ಮಗ ಒತ್ತಾಯದಿಂದ ತುಂಬಿಸಿದ್ದ ಕಬ್ಬಿನ ಜಲ್ಲೆ ಡ್ಯಾಶ್‌ಬೋರ್ಡಿನಿಂದ ಹಿಂದಿನ ಗಾಜಿನವರೆಗೆ ಮಲಗಿತ್ತು. ಅಮ್ಮನ ಮಡಿಲಲ್ಲಿ ಕ್ಯಾಲೆಂಡರ್ ಹಾಳೆಯ ಮೂರು ಪೊಟ್ಟಣ, ಬೆಂಗಳೂರಿನಿಂದ ಅಂಚೆಗೆ ಹಾಕಬೇಕಾದವು.

"ಇದೆಂಥ ಕಬ್ಬು?" ಎಂದ.

"ಹಬ್ಬ ಇತ್ತು" ಎಂದರು ಅಮ್ಮ.

"ಯಾರ ಮನೆಯಲ್ಲಿ?"

"ನಮ್ಮ ಮನೆಯಲ್ಲಿ."

ಅವನು ಚೀಟಿಯ ಮೇಲೆ ಗಂಟೆ ಬರೆದು ಗೇಟು ಎತ್ತಿದ.